ಕರೆಯಲು ಹೋಗಬೇಕಾದವಳು

ಜೂನ್ 3, ಸೋಮವಾರ

ಇವತ್ತಿನಿಂದ ಲಾಂಡ್ರಿ. ಊಟಕ್ಕೆ ಕೂತಾಗಲೂ ಬೆರಳುಗಳಿಂದ ಸೋಪಿನ ವಾಸನೆ ಹೋಗಿರಲಿಲ್ಲ.

ಹೊರಗಿನ ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ, ಅದರಲ್ಲಿ ‘ಪುನರ್ವಸತಿ’ ಎಂಬ ಪದವೂ ಇದೆ. ಒಳಗಿನವರು ಯಾರೂ ಆ ಹೆಸರು ಹೇಳುವುದಿಲ್ಲ. ಎಲ್ಲರಿಗೂ ಅದು ಲಾಂಡ್ರಿ, ಅಷ್ಟೆ. ಆಸ್ಪತ್ರೆಗಳಿಂದ, ಲಾಡ್ಜುಗಳಿಂದ ಬೆಡ್‌ಶೀಟುಗಳು ಮೂಟೆಗಟ್ಟಲೆ ಬರುತ್ತವೆ. ಒಗೆಯಲು ಯಂತ್ರವಿದೆ, ಇಸ್ತ್ರಿಗೆ ಬಿಸಿ ರೋಲರ್ ಇದೆ. ಮಡಚುವುದು ಮಾತ್ರ ಕೈಯಲ್ಲಿ. ಕೆಲಸದವರಲ್ಲಿ ಜೈಲಿನಿಂದ ಬಂದವರು, ಫುಟ್‌ಪಾತಿನಿಂದ ಬಂದವರು, ನನ್ನ ಹಾಗೆ ಮಾನಸಿಕ ಆಸ್ಪತ್ರೆಯ ವಾರ್ಡಿನಿಂದ ಬಂದವರು ಎಲ್ಲ ಇದ್ದಾರೆ. ‘ನನ್ನ ಹಾಗೆ’ ಎಂದು ಬರೆದುಬಿಟ್ಟೆ. ನಾನು ಇವರ ಹಾಗಲ್ಲ. ಕಾಲೇಜಿನಲ್ಲಿ ಪದ್ಯ ಪಾಠ ಮಾಡುತ್ತಿದ್ದವಳು. ಒಂದು ವರ್ಷ ತಲೆ ಕೈಕೊಟ್ಟಿತು, ಅಷ್ಟೇ.

ನಡೆಸುವಾಕೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳೇ ಇರಬೇಕು. ಬಾಗಿಲ ಬಳಿಯ ಬೆಂಚು ತೋರಿಸಿ ಹೇಳಿದಳು: “ಇಲ್ಲಿ ಯಾರೂ ಒಂಟಿಯಾಗಿ ಕೆಲಸ ಮಾಡಲ್ಲ. ಪ್ರತಿಯೊಬ್ರಿಗೂ ಒಬ್ರು ಜೊತೆ. ಬೆಳಿಗ್ಗೆ ಬಂದು ಈ ಬೆಂಚಲ್ಲಿ ಕೂತ್ಕೋ. ಜೊತೆಯವಳು ಬಂದ್ಮೇಲೆ ಇಬ್ರೂ ಒಳಗೆ. ಬರ್ಲಿಲ್ಲ ಅಂದ್ರೆ ಹೋಗಿ ಕರ್ಕೊಂಡು ಬಾ. ಇಷ್ಟೇ ನಮ್ಮ ಕಾನೂನು.”

“ಎಷ್ಟು ದಿನ ಗೈರುಹಾಜರಾದರೆ ತೆಗೆದುಹಾಕುತ್ತೀರಿ?” ಎಂದು ಕೇಳಿದೆ.

ದೊಡ್ಡಕ್ಕ ನಕ್ಕಳು. “ಟೀಚರ್ ಆಗಿದ್ರಾ?”

ನನ್ನ ಜೊತೆಯವಳಿಗೆ ಇಲ್ಲಿ ರೇಡಿಯೋ ಎಂದು ಹೆಸರು, ಬಾಯಿ ಮುಚ್ಚುವುದಿಲ್ಲವಾದ್ದರಿಂದ. ಮೂವತ್ತೈದು ದಾಟಿರಬಹುದು. ಜೈಲಿನಲ್ಲಿದ್ದು ಬಂದವಳು, ಕುಡಿಯುತ್ತಿದ್ದಳಂತೆ, ಬಿಟ್ಟಿದ್ದಾಳಂತೆ. ಏನು ಓದಿದ್ದೀಯ ಎಂದು ಕೇಳಿದಳು. ಎಂ.ಎ. ಎಂದೆ.

“ಎಮ್ಮೆನಾ? ಹಾಲೆಷ್ಟು ಕೊಡತ್ತೆ?”

ಇಡೀ ಹಾಲ್ ನಕ್ಕಿತು. ಸಂಜೆಯ ಹೊತ್ತಿಗೆ ನಾನು ಎಲ್ಲರಿಗೂ ಎಮ್ಮೆಕ್ಕ. ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಜೂನ್ 6, ಗುರುವಾರ

ವಾರ್ಡಿನಿಂದ ಬಂದ ಮೇಲೆ ನಾನಿರುವುದು ನನ್ನ ತಮ್ಮನ ಮನೆಯಲ್ಲಿ. ಊಟದ ಹೊತ್ತಿನಲ್ಲಿ ಅವನು ಮಾತು ತೆಗೆದ. ಹೆಂಡತಿ ಮೊದಲೇ ಹೇಳಿಕೊಟ್ಟಿದ್ದಳೆಂದು ಕಾಣುತ್ತದೆ, ಅವನು ತಟ್ಟೆಯಿಂದ ಕಣ್ಣೆತ್ತಲಿಲ್ಲ.

“ಮಳೆಗಾಲ ಮುಗಿಯೋದ್ರೊಳಗೆ ನಮ್ಮತ್ತೆ, ಇವಳಮ್ಮ, ಬಂದ್ಬಿಡ್ತಾರೆ ಅಕ್ಕ. ಅವರಿಗೆ ಮೆಟ್ಟಿಲು ಹತ್ತೋಕಾಗಲ್ಲ. ಕೆಳಗಿರೋದು ನಿನ್ ರೂಮೊಂದೇ.”

“ನಾನು ಎಲ್ಲಿಗೆ ಹೋಗಲೋ?”

“ಅಲ್ಲೇ ಚೆನ್ನಾಗಿ ನೋಡ್ಕೋತಿದ್ರಲ್ಲ.”

ಅಲ್ಲಿ ಎಂದರೆ ವಾರ್ಡು. ಅವನು ಕೆಟ್ಟವನಲ್ಲ. ಭಾನುವಾರ ಭಾನುವಾರ ಹಣ್ಣು ತಂದುಕೊಟ್ಟು, ಕಿಟಕಿಯ ಕಬ್ಬಿಣದ ಬಲೆಯಾಚೆ ನಿಂತು ಮಾತಾಡಿಸಿ ಹೋಗುತ್ತಿದ್ದವನು. ಅವನಿಗೆ ಕಂಡದ್ದು ತೊಳೆದ ವರಾಂಡ, ಬಿಳಿ ಬಟ್ಟೆಯ ನರ್ಸು. ಮಾತ್ರೆ ನುಂಗಿದ ಮೇಲೆ ಸಾಲಾಗಿ ನಿಂತು, ಬಾಯಿ ತೆರೆದು, ನಾಲಗೆ ಎತ್ತಿ ತೋರಿಸುವುದನ್ನು ಅವನು ನೋಡಿಲ್ಲ. ವಯಸ್ಸಾದ ಹೆಂಗಸರು ಮಕ್ಕಳ ಹಾಗೆ ಬಾಯಿ ತೆರೆಯುತ್ತಿದ್ದರು. ನಾನೂ ತೆರೆಯುತ್ತಿದ್ದೆ. ಇನ್ನೊಂದು ಸಲ ಆ ಸಾಲಿನಲ್ಲಿ ನಿಂತರೆ ನಾನು ವಾಪಸ್ ಬರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು.

ಲಾಂಡ್ರಿಯ ಮೇಲಿನ ಮಹಡಿಯಲ್ಲಿ ರೂಮುಗಳಿವೆಯಂತೆ. ಒಂದು ಈ ಜುಲೈ ಕೊನೆಗೆ ಖಾಲಿಯಾಗುತ್ತದೆ. ಅದನ್ನೂ ಜೋಡಿಗೇ ಕೊಡುವುದು. ಒಂಟಿಯವರಿಗೆ ಕೊಟ್ಟು ನೋಡಿದ್ದರಂತೆ, ನಿಲ್ಲಲಿಲ್ಲವಂತೆ. ಅಂದರೆ ನನ್ನ ರೂಮು ರೇಡಿಯೋ ಎಂಬ ಹೆಂಗಸಿನ ಕೈಯಲ್ಲಿದೆ. ಅವಳು ನೆಟ್ಟಗೆ ನಡೆದುಕೊಂಡರೆ ನನಗೊಂದು ಬಾಗಿಲು, ಇಲ್ಲವಾದರೆ ವಾರ್ಡು.

ಜೂನ್ 14, ಶುಕ್ರವಾರ

ಶೀಟು ಮಡಚುವುದರಲ್ಲಿ ಇಷ್ಟು ವಿಷಯವಿದೆ ಎಂದು ಗೊತ್ತಿರಲಿಲ್ಲ. ಇಬ್ಬರೂ ಎರಡೆರಡು ಮೂಲೆ ಹಿಡಿಯಬೇಕು. ಒಟ್ಟಿಗೇ ಜಾಡಿಸಬೇಕು. ಒಬ್ಬಳ ಕೈ ಮೊದಲಾದರೆ ನಡುವೆ ಅಲೆ ಏಳುತ್ತದೆ, ಸುಕ್ಕು ಹಾಗೆಯೇ ಉಳಿಯುತ್ತದೆ. ಅಂಚಿಗೆ ಅಂಚು ಸೇರಿಸಿ ಒಬ್ಬರ ಕಡೆಗೊಬ್ಬರು ನಡೆಯಬೇಕು, ನನ್ನ ಮೂಲೆಗಳನ್ನು ಅವಳ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಮತ್ತೆ ಹಿಂದಕ್ಕೆ. ದಿನವಿಡೀ ಹತ್ತಿರ ಬಂದು ದೂರ ಹೋಗುವುದೇ ಕೆಲಸ. ನನ್ನ ಉಗುರು ಉದ್ದ ಎಂದು ರೇಡಿಯೋ ಬೈದಳು. ಊಟದ ಬಿಡುವಿನಲ್ಲಿ ತಾನೇ ಕತ್ತರಿ ತಂದು ಕತ್ತರಿಸಿದಳು, ಚರ್ಮವನ್ನೂ ಸ್ವಲ್ಪ ಸೇರಿಸಿ.

ಚೀಲದಲ್ಲಿ ಪದ್ಯದ ಪುಸ್ತಕ ಇರುತ್ತದೆ, ಅಭ್ಯಾಸ ಬಲ. ಓದಲು ಈಗ ಆಗುವುದಿಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಮರೆತಿರುತ್ತದೆ. ರೇಡಿಯೋ ಕಿತ್ತುಕೊಂಡು, “ಓದು ನೋಡೋಣ,” ಎಂದಳು. ಒಂದು ಪದ್ಯ ಓದಿದೆ. ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು.

“ಚೆನ್ನಾಗಿದೆ. ಆದ್ರೆ ಇದರಲ್ಲಿ ಯಾರೂ ಏನೂ ಕೆಲ್ಸ ಮಾಡಲ್ವಾ? ಬರೀ ನೋಡ್ತಾ ನಿಂತಿರ್ತಾರಾ?”

ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಗು ಬಂತು. ನಕ್ಕೆನೋ ಇಲ್ಲವೋ ಗೊತ್ತಿಲ್ಲ.

ಜೂನ್ 25, ಮಂಗಳವಾರ

ರೋಲರ್ ಕೆಟ್ಟಿತ್ತು. ಎಲ್ಲವೂ ಕೈಯಿಸ್ತ್ರಿ. ತೋಳು ಎತ್ತಲಾಗುತ್ತಿಲ್ಲ. ನಿದ್ದೆ ಬಂದರೆ ಸಾಕು.

ಜುಲೈ 4, ಗುರುವಾರ

ರೇಡಿಯೋ ಇವತ್ತು ಬರಲಿಲ್ಲ.

ನಿನ್ನೆಯೇ ಅವಳ ಕೈ ನಡುಗುತ್ತಿತ್ತು. ಬಾಯಿ ಹತ್ತಿರ ತಂದಾಗ ವಾಸನೆಯೂ ಇತ್ತು. “ಏನಿದು?” ಎಂದೆ. “ಹಲ್ಲು ನೋವಿಗೆ ಸ್ವಲ್ಪ ಹಾಕ್ಕೊಂಡೆ,” ಎಂದು ಹೇಳಿ, ಆ ಹಲ್ಲಿನ ಕಥೆಯನ್ನೇ ಸಂಜೆಯ ತನಕ ಹೇಳಿದಳು. ನಡುವೆ ಒಂದು ಮಾತು: “ನಾಳೆ ನಾನು ಬರ್ಲಿಲ್ಲ ಅಂದ್ರೆ ಬಸ್ ಡಿಪೋ ಹಿಂದಿನ ಗಲ್ಲಿ, ತಗಡಿನ ಬಾಗಿಲು, ಗೊತ್ತಲ್ಲ?” ಗೊತ್ತು ಎಂದೆ.

ಬೆಂಚಿನ ಮೇಲೆ ಕೂತಿದ್ದೆ. ಒಬ್ಬೊಬ್ಬರೇ ಬಂದು ಜೋಡಿಯಾಗಿ ಒಳಗೆ ಹೋದರು. ಅವಳನ್ನು ಕರೆಯಲು ಹೊರಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಇವಳ ಜೊತೆಯವಳು ಕುಡಿದು ಬಿದ್ದಿದ್ದಾಳೆ ಎಂದಾಗುತ್ತದೆ. ತಿಂಗಳ ಕೊನೆಗೆ ರೂಮಿನ ಮಾತು ಬಂದಾಗ ಈ ದಿನ ಎದ್ದು ನಿಲ್ಲುತ್ತದೆ. ದೊಡ್ಡಕ್ಕ ಹೊಸ ಆಸ್ಪತ್ರೆಯೊಂದರ ಆರ್ಡರ್ ಹಿಡಿಯಲು ಈ ವಾರವೆಲ್ಲ ಹೊರಗೇ. ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಯಾರೋ ಕೇಳಿದ್ದಕ್ಕೆ “ಗಾಡಿ ಜೊತೆ ಹೋಗಿದ್ದಾಳೆ” ಎಂದೆ. ಬಟ್ಟೆ ಮೂಟೆ ಸಾಗಿಸುವ ಗಾಡಿಯಣ್ಣ ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿ, ಮೂಟೆ ಹೊತ್ತುಕೊಂಡು ಹೊರಗೆ ಹೋದ.

ಮಡಚುವುದಕ್ಕೆ ಒಂದು ಉಪಾಯ ಹೊಳೆಯಿತು. ಮೂಲೆಯಲ್ಲಿ ಹಳೆಯ ಕಬ್ಬಿಣದ ಬೀರು ಇದೆ. ಶೀಟಿನ ಒಂದು ತುದಿಯನ್ನು ಅದರ ಬಾಗಿಲಿಗೆ ಸಿಕ್ಕಿಸಿ ಚಿಲಕ ಹಾಕಿದರೆ, ಇನ್ನೊಂದು ತುದಿ ಹಿಡಿದು ಎಳೆದು ಮಡಚಬಹುದು. ಸೊಂಟ ಬಿದ್ದುಹೋಯಿತು. ಆದರೆ ಒಂದು ಶೀಟೂ ಬಾಕಿ ಉಳಿಸಲಿಲ್ಲ.

ಜುಲೈ 5, ಶುಕ್ರವಾರ

ಇವತ್ತೂ ಇಲ್ಲ. ಪಕ್ಕದ ಮೇಜಿನ ಜೋಡಿಗೆ ಅಕ್ಕ-ತಂಗಿ ಎಂದು ಹೆಸರು. ಒಡಹುಟ್ಟಿದವರಲ್ಲ, ಬೀದಿಯಲ್ಲಿ ಮಲಗುವ ಜಾಗಕ್ಕೆ ಜಗಳವಾಡಿ ಹತ್ತಿರವಾದವರು. ಈಗಲೂ ದಿನವಿಡೀ ಜಗಳ. ತಂಗಿ ನನ್ನ ಬೀರುವನ್ನು ನೋಡಿ, “ಎಮ್ಮೆಕ್ಕ, ನಿನ್ನ ಹೊಸ ಜೊತೆ ಗಟ್ಟಿಮುಟ್ಟಾಗಿದಾಳಲ್ಲ. ಮಾತೇ ಆಡಲ್ಲ, ಪುಣ್ಯ ನಿಂದು,” ಎಂದಳು.

ಅಕ್ಕ ಅವಳನ್ನು ತಿವಿದಳು. ಅಷ್ಟೇ. ಇಲ್ಲಿ ಯಾರೂ ಯಾರ ಮೇಲೂ ದೂರು ಹೇಳುವುದಿಲ್ಲ. ಜೈಲಿನಲ್ಲಿ, ಬೀದಿಯಲ್ಲಿ, ವಾರ್ಡಿನಲ್ಲಿ ಎಲ್ಲರೂ ಮೊದಲು ಕಲಿತದ್ದು ಇದನ್ನೇ. ಮೊದಲ ಸಲ ಇವರ ಬಗ್ಗೆ ಕೃತಜ್ಞತೆ ಎನಿಸಿತು.

ಜುಲೈ 8, ಸೋಮವಾರ

ರೇಡಿಯೋ ಬಂದಳು. ಮುಖ ಊದಿಕೊಂಡಿತ್ತು. ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಬೀದಿಯನ್ನೇ ನೋಡುತ್ತ, “ಯಾಕೆ ಬರ್ಲಿಲ್ಲ?” ಎಂದಳು.

ಅದನ್ನು ನಾನು ಕೇಳಬೇಕಿತ್ತು. ಆದರೂ ಸಮಾಧಾನವಾಗಿಯೇ ಹೇಳಿದೆ: “ಯಾರಿಗೂ ಗೊತ್ತಾಗಲಿಲ್ಲ, ಹೆದರಬೇಡ. ಎಲ್ಲ ನಾನೇ ನೋಡಿಕೊಂಡೆ. ರೂಮಿಗೆ ಏನೂ ತೊಂದರೆಯಿಲ್ಲ.”

“ಓ,” ಎಂದಳು.

ಇಡೀ ದಿನ ಬೇರೆ ಮಾತಿಲ್ಲ. ರೇಡಿಯೋ ಕೆಟ್ಟುಹೋಯ್ತಾ ಎಂದು ಎಲ್ಲರೂ ತಮಾಷೆ ಮಾಡಿದರು. ಒಂದು ಥ್ಯಾಂಕ್ಸ್ ಹೇಳಬಾರದಿತ್ತೆ? ಅವಳಿಗಾಗಿ ನನ್ನ ಸೊಂಟ ಮುರಿದಿದೆ.

ಜುಲೈ 11, ಗುರುವಾರ

ಮತ್ತೆ ಇಲ್ಲ.

ಜುಲೈ 12, ಶುಕ್ರವಾರ

ಇಲ್ಲ. ದೊಡ್ಡಕ್ಕನ ಹೊರಗಿನ ಓಡಾಟ ಇನ್ನೂ ಮುಗಿದಿಲ್ಲ. ಬೀರು, ನಾನು.

ಜುಲೈ 17, ಬುಧವಾರ

ಮನೆಗೆ ಬಂದರೆ ನನ್ನ ರೂಮಿನಲ್ಲಿ ಹೊಸ ಮಂಚ. ಬದಿಗೆ ಹಿಡಿದುಕೊಳ್ಳಲು ಕಂಬಿ ಇರುವಂಥದ್ದು, ವಯಸ್ಸಾದವರಿಗೆ. ನನ್ನ ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, “ಅಂಗಡಿಯವರು ಇವತ್ತೇ ಕಳಿಸಿಬಿಟ್ರು ಅಕ್ಕ, ನಾನು ಆಮೇಲೆ ಅಂದಿದ್ದೆ,” ಎಂದಳು. ಅವಳ ಮುಖವೂ ಸಣ್ಣದಾಗಿತ್ತು. “ಪರವಾಗಿಲ್ಲ,” ಎಂದೆ.

ಆ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದೇನೆ. ಕಂಬಿಗಳು ಮೇಲೆ ಕಾಣುತ್ತವೆ. ರೇಡಿಯೋ ಬರದೆ ವಾರ ಕಳೆಯಿತು. ಬರುತ್ತಾಳೆ, ಬರಲೇಬೇಕು. ಶನಿವಾರ ದೊಡ್ಡಕ್ಕ ರೂಮಿನ ವಿಷಯ ಹೇಳುತ್ತಾಳಂತೆ. ಅಷ್ಟರತನಕ ಬೀರು ಕೈಬಿಡದಿದ್ದರೆ ಸಾಕು. ಒಮ್ಮೆ ಕೀಲಿಕೈ ನನ್ನ ಕೈಗೆ ಬರಲಿ, ಆಮೇಲೆ ಆ ಗಲ್ಲಿಗೆ ನಾನೇ ಹೋಗುತ್ತೇನೆ. ಅವಳನ್ನು ಕರೆತಂದು, ಸ್ನಾನ ಮಾಡಿಸಿ, ಊಟ ಹಾಕಿ, ಎಲ್ಲ ಮಾಡುತ್ತೇನೆ. ಮೊದಲು ರೂಮು.

ಜುಲೈ 20, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಕೈ ನಿಂತರೆ ನಿಲ್ಲಲಿ.

ಬೆಳಿಗ್ಗೆ ಗಾಡಿಯಣ್ಣ ಒಂದು ಮೂಟೆ ವಾಪಸ್ ತಂದ. ಆಸ್ಪತ್ರೆಯವರು ಬೇಡ ಎಂದರಂತೆ. ಪ್ರತಿ ಶೀಟಿನ ಒಂದೇ ತುದಿಯಲ್ಲಿ ತುಕ್ಕಿನ ಗೆರೆ. ದೊಡ್ಡಕ್ಕ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದಳು, ಗೆರೆಯ ಮೇಲೆ ಬೆರಳು ಓಡಿಸಿದಳು. ಹಾಲಿನ ಸುತ್ತ ಕಣ್ಣಾಡಿಸಿದಳು. ನೇರ ಬೀರುವಿನ ಬಳಿ ಹೋಗಿ, ಅದರ ಬಾಗಿಲಿಗೆ ಶೀಟು ಇಟ್ಟು ನೋಡಿದಳು. ಯಂತ್ರಗಳು ತಿರುಗುತ್ತಲೇ ಇದ್ದವು, ಮನುಷ್ಯರೆಲ್ಲ ನಿಂತಿದ್ದರು.

“ಎಮ್ಮೆಕ್ಕ, ರೇಡಿಯೋ ಎಲ್ಲಿ?”

“ಒಂದು ಶೀಟೂ ಬಾಕಿ ಇಲ್ಲ ದೊಡ್ಡಕ್ಕ. ಅವಳ ಪಾಲಿನದನ್ನೂ ನಾನೇ—”

“ಶೀಟಿನ ವಿಷ್ಯ ಯಾರ್ ಕೇಳಿದ್ರು? ಅವಳೆಲ್ಲಿ?”

“ಗೊತ್ತಿಲ್ಲ.”

“ಹೋಗಿದ್ಯಾ?”

ನಾನು ಕೈಯಲ್ಲಿದ್ದ ಶೀಟಿನ ಮೂಲೆಗಳನ್ನು ಸೇರಿಸತೊಡಗಿದೆ.

“ಒಂದ್ಸಲನೂ?”

“ಬರಲಿಲ್ಲ ಅಂತ ಗೊತ್ತಾದರೆ ನೀವು ರೂಮು ತಪ್ಪಿಸುತ್ತೀರಿ ಅಂತ…”

ದೊಡ್ಡಕ್ಕನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆಗ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

“ಬರದೇ ಇದ್ದವರಿಗೆ ರೂಮು ತಪ್ಪತ್ತೆ ಅಂತ ಯಾರು ಹೇಳಿದ್ರು ನಿಂಗೆ? ಬರದೇ ಇರೋರಿಗೇ ಅಲ್ವಾ ಇದೆಲ್ಲ ಮಾಡಿರೋದು! ಈ ತಂಗಿ ಹೋದ ವರ್ಷ ಬಂದಿದ್ದಕ್ಕಿಂತ ಬರದೇ ಇದ್ದಿದ್ದೇ ಜಾಸ್ತಿ. ಅಕ್ಕ ದಿನಾ ಹೋಗಿ ಜುಟ್ಟು ಹಿಡಿದು ಎಳ್ಕೊಂಡು ಬಂದಳು.”

“ಒಂದು ಹಿಡಿ ಕೂದಲು ಕೈಗೇ ಬಂದಿತ್ತು,” ಎಂದಳು ತಂಗಿ ಸಣ್ಣ ದನಿಯಲ್ಲಿ. ಯಾರೂ ನಗಲಿಲ್ಲ.

ದೊಡ್ಡಕ್ಕ ಉಳಿದವರ ಕಡೆ ತಿರುಗಿದಳು. “ನಿಮಗೆಲ್ಲ ಕಣ್ಣಿರ್ಲಿಲ್ವಾ?”

ಗಾಡಿಯಣ್ಣ ನೆಲ ನೋಡಿದ. “ಚಾಡಿ ಹೇಳೋ ಅಭ್ಯಾಸ ಇಲ್ಲ ದೊಡ್ಡಕ್ಕ,” ಎಂದ.

ಆಮೇಲೆ ದೊಡ್ಡಕ್ಕ ನನಗೆ, “ಅವಳ ಜೊತೆ ನೀನು. ಕರೆಯೋಕೆ ನೀನೇ ಹೋಗ್ಬೇಕು,” ಎಂದಳು. ರೂಮು ಅಕ್ಕ-ತಂಗಿಗೆ ಹೋಯಿತು.

ಜುಲೈ 23, ಮಂಗಳವಾರ

ಏಳಲಿಲ್ಲ. ಸ್ನಾನವಿಲ್ಲ. ಮಾತ್ರೆಯ ಡಬ್ಬಿಯನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು, ನನಗೆ ಸಿಗದ ಹಾಗೆ ಎತ್ತಿಡು ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಗಂಡನ ಹತ್ತಿರ ಪಿಸುಗುಡುತ್ತಿದ್ದಳು. ಅವನ ಮಾತು ಕೇಳಿಸಿತು: “ಅಲ್ಲಿಗೆ ಫೋನ್ ಮಾಡ್ತೀನಿ, ಬೆಡ್ ಇದೆಯಾ ಕೇಳ್ತೀನಿ.”

ಜುಲೈ 24, ಬುಧವಾರ

ಅದೇ.

ಜುಲೈ 25, ಗುರುವಾರ

ಗೋಡೆ. ಪುಸ್ತಕ ತೆರೆದೆ, ಅಕ್ಷರಗಳು ಇರುವೆಯ ಹಾಗೆ. ಇದು ಹೋದ ಸಲ ಶುರುವಾದದ್ದೂ ಹೀಗೆಯೇ.

ಲಾಂಡ್ರಿಯಿಂದ ಯಾರಾದರೂ ಬರಬಹುದೆಂದು ಬೆಳಿಗ್ಗೆಯಿಂದ ಗೇಟಿನ ಸದ್ದಿಗೆ ಕಿವಿಕೊಟ್ಟು ಮಲಗಿದ್ದೆ. ಹಾಲಿನವನು ಬಂದ. ಪೇಪರಿನವನು ಬಂದ. ಕೆಲಸಕ್ಕೆ ಹೋಗದೆ ಬಿದ್ದುಕೊಂಡವಳನ್ನು ಕರೆಯಲು ಬರುವುದು ಅಲ್ಲಿಯ ಕಾನೂನಲ್ಲವೆ? ಯಾಕೆ ಯಾರೂ ಬರುತ್ತಿಲ್ಲ ಎಂದು ಸಿಟ್ಟು ಬಂತು. ನನ್ನನ್ನು ಕರೆಯಲು ಬರಬೇಕಾದವಳು ಯಾರು ಎಂದು ಆಮೇಲೆ ಯೋಚಿಸಿದೆ.

ಅವಳೂ ಹೀಗೆಯೇ ಮಲಗಿ ಸದ್ದು ಕೇಳಿರಬಹುದೆ?

ಜುಲೈ 26, ಶುಕ್ರವಾರ

ಬಸ್ ಡಿಪೋ ಹಿಂದಿನ ಗಲ್ಲಿ. ನೆಲವೆಲ್ಲ ಆಯಿಲ್. ಗೋಡೆಯಾಚೆ ಬಸ್ಸು ಹಿಂದಕ್ಕೆ ಬರುವಾಗೆಲ್ಲ ತಗಡಿನ ಬಾಗಿಲುಗಳು ಅದುರುತ್ತವೆ. ಅವಳ ಬಾಗಿಲಿಗೆ ಬೀಗ. ಎದುರಿಗೆ ಚಹಾ ಮಾಡುವ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವೇನಾ ಎಮ್ಮೆಕ್ಕ?”

ಹೌದು ಎಂದೆ.

“ಈಗ ಬಂದ್ರಾ.” ಅದು ಪ್ರಶ್ನೆಯಾಗಿರಲಿಲ್ಲ. ಪಾತ್ರೆ ತೊಳೆಯುತ್ತಲೇ ಹೇಳಿದಳು. “ದಿನಾ ಬೆಳಿಗ್ಗೆ ಎದ್ದು, ತಲೆ ಬಾಚ್ಕೊಂಡು, ಈ ಮೆಟ್ಟಿಲ ಮೇಲೆ ಕೂರೋಳು. ಹೋಗೇ ಕೆಲಸಕ್ಕೆ ಅಂದ್ರೆ, ‘ಒಬ್ಬಳೇ ಹೊರಟ್ರೆ ಕಾಲು ಅಂಗಡಿ ಕಡೆಗೇ ಹೋಗತ್ತೆ ಅಕ್ಕ, ಎಮ್ಮೆಕ್ಕ ಬರ್ತಾಳೆ, ಅವಳ ಜೊತೆ ಹೋಗ್ತೀನಿ’ ಅನ್ನೋಳು. ಬಿಸಿಲು ಮೆಟ್ಟಿಲಿಗೆ ಬರೋತನಕ ಕಾಯೋಳು. ಆಮೇಲೆ ಎದ್ದು ಕುಡಿಯೋಕೆ ಹೋಗೋಳು. ಹೋದ ವಾರ ರಸ್ತೆ ಮಧ್ಯ ನಿಂತು ಬಸ್ಸುಗಳನ್ನೆಲ್ಲ ಬೈತಿದ್ದಳು, ಮೈಯೆಲ್ಲ ಪರಚ್ಕೊಂಡು. ಯಾರೋ ಫೋನ್ ಮಾಡಿದ್ರು, ಗಾಡಿ ಬಂತು. ಹುಚ್ಚಾಸ್ಪತ್ರೆಗೆ ತಗೊಂಡು ಹೋದ್ರು.”

ಇದನ್ನು ಬರೆಯುವಾಗ ಅವಳ ಮಾತುಗಳು ಒಂದೂ ತಪ್ಪದೆ ನೆನಪಾಗುತ್ತಿವೆ. ಪದ್ಯ ಮಾತ್ರ ನೆನಪಿಲ್ಲ.

ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬಂದೆ.

ಜುಲೈ 27, ಶನಿವಾರ

ಆಸ್ಪತ್ರೆಯ ಗೇಟಿನ ತನಕ ಹೋದೆ. ಅದೇ ಹಳದಿ ಗೋಡೆ. ಕಾವಲುಗಾರನೂ ಅವನೇ, ಗುರುತು ಹಿಡಿದು ನಕ್ಕ. ವಾಪಸ್ ಬಂದೆ.

ಜುಲೈ 29, ಸೋಮವಾರ

ಇವತ್ತು ಒಳಗೆ ಹೋದೆ. ಹೇಗೆ ಹೋದೆನೆಂದು ಕೇಳಿದರೆ ಹೇಳಲು ಬಾರದು. ಕಾಲು ಹೋಗುತ್ತಿತ್ತು, ನಾನು ಹಿಂದಿನಿಂದ ಹೋದೆ.

ವಾರ್ಡಿನ ಬಾಗಿಲಲ್ಲಿ ಅದೇ ದಪ್ಪ ನರ್ಸು. “ಅಯ್ಯೋ, ಮತ್ತೆ ಬಂದ್ರಾ? ನಿಮ್ಮ ತಮ್ಮ ಬೆಡ್ ಕೇಳಿದ್ರು, ಬುಧವಾರ ಅಂದಿದ್ದೆವಲ್ಲ. ಇರಲಿ, ಬನ್ನಿ ಬನ್ನಿ, ಕೂತ್ಕೊಳ್ಳಿ.” ನನ್ನ ಚೀಲ ತೆಗೆದುಕೊಳ್ಳಲು ಕೈಚಾಚಿದಳು.

“ನಾನು ಸೇರೋಕೆ ಬಂದಿಲ್ಲ. ಒಬ್ಬಳನ್ನು ಕರೆಯೋಕೆ ಬಂದಿದ್ದೇನೆ.”

“ಯಾರನ್ನ? ಹೆಸರೇನು?”

ಬಾಯಿ ತೆರೆದೆ. ಹೆಸರು ಇರಲಿಲ್ಲ. ಇಷ್ಟು ದಿನ ಮುಖಕ್ಕೆ ಮುಖ ಕೊಟ್ಟು ಶೀಟು ಮಡಚಿದವಳ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

“ರೇಡಿಯೋ,” ಎಂದೆ.

ನರ್ಸಿನ ದನಿ ತಕ್ಷಣ ಮೆತ್ತಗಾಯಿತು. “ರೇಡಿಯೋ ಇಲ್ಲಮ್ಮ ಇಲ್ಲಿ. ಟಿ.ವಿ. ಇದೆ, ಸಂಜೆ ಹಾಕ್ತೀವಿ. ಈಗ ಬನ್ನಿ, ಸ್ವಲ್ಪ ಮಲ್ಕೊಳ್ಳಿ.” ಅವಳ ಕೈ ನನ್ನ ತೋಳಿನ ಮೇಲೆ ಬಂದಿತ್ತು. ಹಿಂದೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ಕಿರುಚಿದರೆ ಮುಗಿಯಿತು, ಕಿರುಚುವವರಿಗೆ ಇಲ್ಲಿ ಸೂಜಿ ಕೊಡುತ್ತಾರೆ. ಒಂದೊಂದೇ ಪದ ಆರಿಸಿ ಹೇಳಿದೆ: “ಹತ್ತು ದಿನದ ಹಿಂದೆ ಬಸ್ ಡಿಪೋ ಹತ್ತಿರದಿಂದ ಕರೆತಂದವಳು. ಎಡಗೈ ಮೊಣಕೈಯಲ್ಲಿ ಸುಟ್ಟ ಕಲೆ, ರೋಲರಿನದು. ಮುಂದಿನ ಹಲ್ಲು ಅರ್ಧ ಮುರಿದಿದೆ. ಬಹಳ ಮಾತಾಡುತ್ತಾಳೆ.”

“ಓ, ಅವಳಾ?” ನರ್ಸು ಕೈ ತೆಗೆದಳು. “ಮಾತಾ? ಬಂದಾಗಿಂದ ಒಂದು ಮಾತೂ ಆಡಿಲ್ಲ.”

ಕೂದಲು ಕತ್ತರಿಸಿದ್ದರು. ಒಳಗಿನ ಬೀಗದ ಕೋಣೆಯಲ್ಲಿ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆನ್ನು ಅವಳದೇ ಎಂದು ಹೇಗೆ ತಿಳಿಯಿತೋ.

“ನಾನು, ಎಮ್ಮೆಕ್ಕ,” ಎಂದೆ.

ತಿರುಗಲಿಲ್ಲ. ಗೋಡೆಗೆ ಹೇಳಿದಳು: “ರೂಮು ಸಿಕ್ತಾ?”

“ಇಲ್ಲ.”

“ಅದಕ್ಕೆ ಬಂದ್ಯಾ?”

ಮಂಚದ ಕಾಲಬುಡದಲ್ಲಿ ಕೂತೆ.

ಡಾಕ್ಟರು ಈಗಲೇ ಬಿಡಲಾಗುವುದಿಲ್ಲ ಎಂದರು. ನಡುಕ ನಿಲ್ಲಬೇಕು, ಊಟ ಸೇರಬೇಕು. ಜೊತೆಗೆ ಒಬ್ಬರು ಇರುವುದಾದರೆ ವರಾಂಡದ ಕಡೆಯ ತೆರೆದ ವಾರ್ಡಿಗೆ ಹಾಕುತ್ತಾರೆ. ಯಾರೂ ಇಲ್ಲದವರಿಗೆ ಬೀಗದ ಕೋಣೆಯೇ. “ಯಾರಾದ್ರೂ ಇರ್ತಾರಾ?” ಎಂದು ಕೇಳಿದರು, ಪೆನ್ನಿನ ಮುಚ್ಚಳ ಹಾಕುತ್ತ. ಇದ್ದಾರೆ ಎಂದು ಇದುವರೆಗೆ ಯಾರೂ ಹೇಳಿರಲಾರರು. ನಾನಿರುತ್ತೇನೆ ಎಂದೆ.

ಜುಲೈ 31, ಬುಧವಾರ

ಮೂರನೆಯ ಕಿಟಕಿಯ ಕೆಳಗಿನ ಮಂಚ. ನನ್ನ ಚಾಪೆ ಅದರ ಪಕ್ಕ, ನೆಲದ ಮೇಲೆ.

ರೇಡಿಯೋ ಅನ್ನ ಕಕ್ಕುತ್ತಾಳೆ. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಕೊಟ್ಟರೆ ಉಳಿಯುತ್ತದೆ. ಮೈ ನಡುಗುವಾಗ ಎರಡೂ ಮಣಿಕಟ್ಟು ಒತ್ತಿ ಹಿಡಿದುಕೊಂಡರೆ ಸ್ವಲ್ಪ ಕಡಿಮೆ. ನನ್ನ ಮೇಲೆ ಎರಡು ಸಲ ವಾಂತಿ ಮಾಡಿದಳು. ಮುಖ ಕೊಟ್ಟು ಮಾತಾಡಿಲ್ಲ.

ಬೆಳಿಗ್ಗೆ ಗಾಡಿಯಣ್ಣ ವಾರ್ಡಿನ ಬಟ್ಟೆ ಒಯ್ಯಲು ಬಂದಿದ್ದ. ನನ್ನನ್ನು ನೋಡಿ ಮೂಟೆ ಕೆಳಗಿಟ್ಟ. “ನಿನ್ನನ್ನೂ ಒಳಗೆ ಹಾಕ್ಬಿಟ್ರಾ ಎಮ್ಮೆಕ್ಕ?”

“ಇಲ್ಲ, ನಾನೇ ಬಂದೆ.”

“ಹಾಗಾದ್ರೆ ಇದು ನಿಜವಾದ ಹುಚ್ಚೇ,” ಎಂದ. ಮಧ್ಯಾಹ್ನ ತಿರುಗಿ ಬಂದು ಒಂದು ಕಂಬಳಿ, ಬಾಚಣಿಗೆ, ಅಕ್ಕ-ತಂಗಿ ಕಳಿಸಿದ ಬ್ರೆಡ್ಡು ಕೊಟ್ಟುಹೋದ. ನಮ್ಮವರು ಯಾರೂ ಚೀಟಿ ಬರೆದಿರಲಿಲ್ಲ, ಬರೆಯಲು ಬರುವವರೂ ಕಡಿಮೆ. ದೊಡ್ಡಕ್ಕ ಏನಂದಳು ಎಂದು ಕೇಳಿದೆ. “ಕರೆಯೋಕೆ ಹೋಗಿದಾಳೆ ಅಂದ್ರೆ ಕೆಲಸದಲ್ಲೇ ಇದಾಳೆ ಅಂತ ಅಂದ್ಲು. ಆ ಬೀರೂನ ಗುಜರಿಗೆ ಹಾಕಿಸಿದ್ಲು.”

ಮಾತ್ರೆಯ ಹೊತ್ತಿಗೆ ನರ್ಸು ಬಂದಳು. ರೇಡಿಯೋ ನುಂಗಿದಳು. “ಬಾಯಿ ತೆಗಿ, ನಾಲಗೆ ಮೇಲೆತ್ತು,” ಎಂದಾಗ ತೆರೆದಳು. ನಾನೂ ತೆರೆದಿದ್ದೆ. ನಾಲಗೆ ಎತ್ತಿ, ಕಣ್ಣು ಮೇಲೆ ಮಾಡಿ, ಹಾಗೆಯೇ ಕೂತಿದ್ದೆನಂತೆ. ಮೊದಲು ಕೇಳಿಸಿದ್ದು ಗೊರಗೊರ ಸದ್ದು. ನೋಡಿದರೆ ರೇಡಿಯೋ ನೀರು ನೆತ್ತಿಗೇರುವಂತೆ ನಗುತ್ತಿದ್ದಳು.

ಆಗಸ್ಟ್ 2, ಶುಕ್ರವಾರ

ಮಧ್ಯಾಹ್ನ ತಮ್ಮನ ಫೋನು.

“ಎಲ್ಲಿದೀಯ ಅಕ್ಕ? ಫ್ರೆಂಡಿಗೆ ಹುಷಾರಿಲ್ಲ ಅಂತ ಹೋದವಳು ಸುದ್ದಿಯೇ ಇಲ್ಲ.”

“ವಾರ್ಡಿನಲ್ಲಿ.”

ಆ ಕಡೆ ಅವನು ಉಸಿರು ಬಿಟ್ಟದ್ದು ಕೇಳಿಸಿತು. ಅಳು ಬಂದಿತ್ತೋ, ಭಾರ ಇಳಿದಿತ್ತೋ. “ನೀನೇ ಹೋಗಿ ಸೇರ್ಕೊಂಡ್ಯಾ? ಒಳ್ಳೇದಾಯ್ತು ಬಿಡು ಅಕ್ಕ. ನಾನು ಹೇಗೆ ಹೇಳೋದು ಅಂತಿದ್ದೆ. ಅಲ್ಲಿ ಚೆನ್ನಾಗಿ ನೋಡ್ಕೋತಾರೆ.”

ರೇಡಿಯೋಗೆ ಬಾಯಿ ಒರೆಸುತ್ತಿದ್ದೆ. ಟವೆಲ್ಲು ಒಂದು ಕೈಯಲ್ಲಿ, ಫೋನು ಒಂದರಲ್ಲಿ. “ಹೂಂ, ನೋಡ್ಕೋತಾರೆ,” ಎಂದೆ.

“ಭಾನುವಾರ ಹಣ್ಣು ತರ್ತೀನಿ. ಏನು ತರಲಿ?”

“ಮೆತ್ತಗಿರೋದು ಯಾವುದಾದರೂ. ಹಲ್ಲಿಗೆ ಕಷ್ಟ.”

ಫೋನಿಟ್ಟ ಮೇಲೆ ರೇಡಿಯೋ ಕೇಳಿದಳು, “ಯಾರದು?”

“ನನ್ನ ತಮ್ಮ.”

“ಏನಂತೆ?”

“ಅವನತ್ತೆ ಬರ್ತಾರಂತೆ. ನನ್ನ ರೂಮು ಬಿಟ್ಟುಕೊಟ್ಟೆ.”

“ಎಲ್ಲಿರ್ತೀಯ ಮತ್ತೆ?”

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ. ಇವಳನ್ನು ಇಲ್ಲಿಂದ ಬಿಟ್ಟ ದಿನ ನಾವಿಬ್ಬರೂ ಆ ಗೇಟಿನ ಹೊರಗೆ ನಿಂತು ಯಾವ ಕಡೆ ತಿರುಗುವುದೋ ನನಗೆ ತಿಳಿಯದು. ತಗಡಿನ ಬಾಗಿಲಿನ ಮನೆಯವನು ಅವಳ ಸಾಮಾನು ಹೊರಗೆ ಹಾಕಿದ್ದಾನೆಂದು ಗಾಡಿಯಣ್ಣ ಹೇಳಿದ್ದಾನೆ. ಅವಳಿಗಿನ್ನೂ ಹೇಳಿಲ್ಲ.

ರೇಡಿಯೋ ಸೂರು ನೋಡುತ್ತ ಮಲಗಿದ್ದಳು. ಆಮೇಲೆ ಮೊಣಕೈಯೂರಿ, ಇಷ್ಟಿಷ್ಟೇ ಗೋಡೆಯ ಕಡೆಗೆ ಸರಿದಳು. ಆ ಮಂಚ ಒಬ್ಬರಿಗೇ ಸಾಲದು.

“ನೆಲ ತಣ್ಣಗಿದೆ. ಹತ್ತು ಮೇಲೆ.”

“ನರ್ಸು ಬೈತಾಳೆ.”

“ಬೈಲಿ. ನಿನಗೆ ಬಾಯಿ ತೆರೆದು ತೋರಿಸೋಕೆ ಬರತ್ತಲ್ಲ.”

ಹತ್ತಿದೆ. ಇಬ್ಬರೂ ಪಕ್ಕಕ್ಕೆ ತಿರುಗಿದರೆ ಮಾತ್ರ ಹಿಡಿಸುತ್ತದೆ. ಅವಳ ಬೆನ್ನಿನಲ್ಲಿ ನಡುಕ ಇನ್ನೂ ಸಣ್ಣಗೆ ಓಡುತ್ತಿತ್ತು.

“ಕಾಲು ನನ್ನ ಮೇಲೆ ಹಾಕ್ಬೇಡ,” ಎಂದಳು.